ಒಂದೇ ರಾತ್ರಿಯ ಹೂವು

ನೆರೆಯವರ ಸಂತೋಷವೊಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆಯೆಂದು ಅರಿತಾಗ ಅದನ್ನು ತಿದ್ದುವುದು ನಮ್ಮ ಕರ್ತವ್ಯವೇ? ಒಂದು ಹೂವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚಿಂತಿಸೋಣ.

ಮುಂಗಾರಿನ ದಿನಗಳಲ್ಲಿ ಸಂಜಯನಗರದ ಅಡ್ಡರಸ್ತೆಗಳಲ್ಲಿ ರಾತ್ರಿ ಹತ್ತರ ವೇಳೆಗೆ ಯಾರಾದರೊಬ್ಬರು ಅಕ್ಕಪಕ್ಕದವರನ್ನು ಕರೆಯುವುದುಂಟು: ‘ಬ್ರಹ್ಮಕಮಲ ಅರಳುತ್ತಿದೆ, ಬನ್ನಿ.’ ನಿಮ್ಮನ್ನೂ ಕರೆದಿರಬಹುದು. ಕುಂಡದ ಮುಂದೆ ರಂಗೋಲಿ, ದೀಪ, ಊದುಬತ್ತಿ. ಅಂಗೈಯಗಲದ ಬಿಳಿಯ ಹೂವು ಕತ್ತಲಲ್ಲಿ ತಾನೇ ಬೆಳಗುತ್ತಿರುವಂತೆ ತೋರುತ್ತದೆ. ಹಿಮಾಲಯದ ದಿವ್ಯಪುಷ್ಪವೇ ಮನೆಗೆ ಬಂದಿತೆಂದು ಮನೆಯ ಅಜ್ಜಿ ಕೈಮುಗಿಯುತ್ತಾರೆ.

ವಾಸ್ತವ ಬೇರೆ. ಅದು ದಕ್ಷಿಣ ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ ಮೂಲದ ಒಂದು ಕಳ್ಳಿ. ನಾವು ಎಲೆಯೆನ್ನುವುದು ಅದರ ಚಪ್ಪಟೆಯಾದ ಕಾಂಡ. ಎಲೆಯಿಂದಲೇ ಹೂ ಹೊರಡುವ ಸೋಜಿಗಕ್ಕೆ ಅದೇ ಕಾರಣ. ಅದಕ್ಕೆ ಸ್ವಂತ ಬೆಳಕಿಲ್ಲ. ಬೆಳದಿಂಗಳನ್ನೋ ಬೀದಿದೀಪವನ್ನೋ ಹಿಂದಿರುಗಿಸುತ್ತದೆ, ಅಷ್ಟೆ. ಆ ಬಿಳುಪು, ಆ ಪರಿಮಳ ತವರಿನ ಇರುಳಿನ ಪತಂಗಗಳಿಗಾಗಿ. ನಿಜವಾದ ಬ್ರಹ್ಮಕಮಲ ಉತ್ತರಾಖಂಡದ ರಾಜ್ಯಪುಷ್ಪ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. 3,000 ಮೀಟರಿಗೂ ಮೇಲಿನ ಇಳಿಜಾರುಗಳಲ್ಲಿ, ತೆಳುಕಾಗದದಂಥ ಹೊದಿಕೆಯೊಳಗೆ ನೇರಳೆ ಹೂಗಳನ್ನು ಅಡಗಿಸಿಕೊಂಡು ಬೆಳೆಯುತ್ತದೆ.

ಇದನ್ನು ಅಜ್ಜಿಗೆ ಹೇಳಬೇಕೇ? ಸುಮಾರು ಕ್ರಿ.ಶ. 395ರಲ್ಲಿ ಸುಳ್ಳನ್ನು ಕುರಿತು ಗ್ರಂಥ ಬರೆದ ಸಂತ ಆಗಸ್ಟೀನರು ಸದುದ್ದೇಶದ ಸುಳ್ಳನ್ನೂ ಒಪ್ಪಲಿಲ್ಲ. ಆದರೆ ಸತ್ಯವನ್ನು ನುಡಿಯದಿರುವುದು ಸುಳ್ಳಾಡಿದಂತಲ್ಲವೆಂದು ಅವರೇ ಬೇರೆಡೆ ವಿವೇಚಿಸಿದ್ದಾರೆ. ಹಾಗಾದರೆ ಸುಮ್ಮನಿರಬಹುದೇ? ಸ್ವಲ್ಪ ಕಾಲ ಇರಬಹುದು. ಎಂದೆಂದಿಗೂ ಅಲ್ಲ. ಕೇದಾರ, ಬದರಿಗಳಲ್ಲಿ ಅರ್ಪಿಸಲು, ಔಷಧಿಗೆ ಬಳಸಲು ಕಿತ್ತು ಕಿತ್ತು ಆ ಪರ್ವತದ ಹೂವು ವಿರಳವಾಗುತ್ತಿದೆ. ಬೀದಿಗೊಂದು ಕುಂಡದಲ್ಲಿ ಬ್ರಹ್ಮಕಮಲವಿದೆಯೆಂದು ನಂಬಿದವರು ಅದರ ಅಳಿವಿಗೆ ಮರುಗುವುದೆಂತು? ಹೆಸರಿನ ತಪ್ಪು ಅಷ್ಟು ದೂರದ ಜೀವವೊಂದಕ್ಕೂ ಅನ್ಯಾಯವಾದೀತು.

ಆದರೆ ಹೇಳುವವರ ಮನಸ್ಸನ್ನೂ ನೋಡಬೇಕು. ‘ಇದು ಕೇವಲ ಕಳ್ಳಿ’ ಎಂದು ಗೆದ್ದವರಂತೆ ನುಡಿದರೆ, ಆ ‘ಕೇವಲ’ವೇ ಸುಳ್ಳುಸಾಕ್ಷಿ. ಕಳ್ಳಿಯೂ ಸೃಷ್ಟಿಕರ್ತರ ಕೈಕೆಲಸವೇ. ಪ್ರಭು ಯೇಸು ದೇವರ ಪಾಲನೆಯನ್ನು ಬೋಧಿಸಲು ತೋರಿಸಿದ್ದು ಬಯಲಿನ ಹೂವನ್ನು, ಮರುದಿನ ಒಲೆ ಸೇರುವ ಹುಲ್ಲನ್ನು. ಯಾವ ದುರ್ಲಭ ಪುಷ್ಪವನ್ನೂ ಅಲ್ಲ. ಪರರ ನಂಬಿಕೆಯನ್ನು ನೋಡಿ ನಗುವ ಹಕ್ಕಂತೂ ನಮಗಿಲ್ಲ. ಕೆಲವು ಕ್ರೈಸ್ತ ಮನೆಗಳಲ್ಲಿ ಇದೇ ಹೂವಿಗೆ ಬೆತ್ಲೆಹೇಮ್ ಲಿಲಿ ಎಂದು ಹೆಸರು; ಒಳಗೆ ಗೋದಲಿಯೂ ನಕ್ಷತ್ರವೂ ಕಾಣುತ್ತವಂತೆ. ಅದು ಲಿಲಿಯೂ ಅಲ್ಲ, ಬೆತ್ಲೆಹೇಮಿನದೂ ಅಲ್ಲ.

ಆದ್ದರಿಂದ ಆ ರಾತ್ರಿ ನೋಡಿ, ಮೂಸಿ, ಅವರೊಂದಿಗೆ ಸಂತೋಷಪಡಿ. ಬೆಳಗಾಗುವಷ್ಟರಲ್ಲಿ ಹೂವು ಬಾಡಿ ಜೋತುಬಿದ್ದಿರುತ್ತದೆ. ‘ಒಂದು ಎಲೆ ಕೊಡುತ್ತೇನೆ, ನಿಮ್ಮಲ್ಲೂ ನೆಡಿ’ ಎಂದು ಅಜ್ಜಿ ಬಂದಾಗ, ಎರಡೂ ಕೈಯಲ್ಲಿ ತೆಗೆದುಕೊಂಡು ಹೇಳಿ: ‘ಅಜ್ಜಿ, ಇದು ಹಿಮಾಲಯಕ್ಕಿಂತಲೂ ದೂರದಿಂದ ಬಂದದ್ದು, ಗೊತ್ತೇ?’