ಅಳತೆ ಯಾರಿಗಾಗಿ?

ಮೊನ್ನೆ ಮೊಮ್ಮಗ ಒಂದು ಚಿತ್ರ ತಂದು ತೋರಿಸಿದ. ಹೆಪ್ಪುಗಟ್ಟಿದ ಸರೋವರದ ಮೇಲೆ ಹಾಯಿ ಕಟ್ಟಿದ ದೋಣಿ; ಅದರ ಅಡಿಯಲ್ಲಿ ನೀರಿಲ್ಲ, ಉಕ್ಕಿನ ಮೂರು ಅಲಗುಗಳಿವೆ. ಗಾಳಿಗಿಂತಲೂ ವೇಗವಾಗಿ ಅದು ಓಡುತ್ತದೆಯಂತೆ. ಶಿವಮೊಗ್ಗೆಯವರಾದ ನಮಗೆ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿ ಸುತ್ತಿಟ್ಟ ಗಡ್ಡೆ, ಅಷ್ಟೆ. ಆದರೂ ಆ ದೋಣಿಯ ಕಥೆ ಸ್ವಾರಸ್ಯವಾಗಿದೆ. 1937ರ ಸುಮಾರಿಗೆ ಅಮೆರಿಕದ ‘ಡೆಟ್ರಾಯಿಟ್ ನ್ಯೂಸ್’ ಎಂಬ ದಿನಪತ್ರಿಕೆ ಹವ್ಯಾಸಿಗಳಿಗಾಗಿ ನಡೆಸುತ್ತಿದ್ದ ಕೆಲಸದ ಮನೆಯಲ್ಲಿ ಅದು ಹುಟ್ಟಿತು. ಪತ್ರಿಕೆಯ ಹೆಸರಿನಿಂದಲೇ ಅದಕ್ಕೆ ‘ಡಿ.ಎನ್.’ ಎಂಬ ಹೆಸರು. ಯಾರು ಬೇಕಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆದರೆ ಪಂದ್ಯಕ್ಕೆ ಇಳಿಸಬೇಕಾದರೆ ಒಡಲು ಸುಮಾರು 12 ಅಡಿ, ಅಡ್ಡಹಲಗೆ 8 ಅಡಿ, ಹಾಯಿಕಂಬ 16 ಅಡಿ, ಹಾಯಿ 60 ಚದರಡಿ, ಹೀಗೆ ಗೊತ್ತಾದ ಅಳತೆಗೆ ಅದು ಒಪ್ಪಬೇಕು.

“ನನ್ನ ಮರ, ನನ್ನ ದುಡ್ಡು, ನನ್ನ ಕೈಕೆಲಸ. ಹಾಯಿ ಸ್ವಲ್ಪ ದೊಡ್ಡದಾದರೆ ಅವರಿಗೇನು, ಅಜ್ಜ?” ಎಂದ ಮೊಮ್ಮಗ.

ಎಲ್ಲರಿಗೂ ಸಮಾನ ಅವಕಾಶವಿರಬೇಕು, ದುಡ್ಡಿದ್ದವನೇ ಗೆಲ್ಲಬಾರದು ಎಂದೆ. ಅವನು ಒಪ್ಪಿ ಹೋದ. ಒಪ್ಪದವನು ನಾನು. ಅದಕ್ಕೆ ಕಾರಣವಿದೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ನಮ್ಮ ತಂದೆ ಎರಕದ ಅಚ್ಚುಗಳ ಮರಗೆಲಸ ಮಾಡುತ್ತಿದ್ದರು. ಕರಗಿದ ಕಬ್ಬಿಣ ಆರುವಾಗ ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಭಾಗ ಕುಗ್ಗುತ್ತದೆ. ಮರದ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಅಚ್ಚಿನಲ್ಲಿ ತಪ್ಪಿದ ಅಳತೆ ಮಾಡಿದವನ ಕೈಯಲ್ಲಿರುವಾಗ ಕಾಣುವುದಿಲ್ಲ. ಮುಂದೆ ಇನ್ನೊಬ್ಬನ ಕೈಯಲ್ಲಿ ಕಾಣುತ್ತದೆ.

ನಾವು ಹುಡುಗರು ಬೇರಿಂಗ್ ಗಾಡಿ ಕಟ್ಟುತ್ತಿದ್ದೆವು. ಗ್ಯಾರೇಜಿನವರು ಎಸೆದ ಬೇರಿಂಗುಗಳು, ಒಂದು ಹಲಗೆ, ತಿರುಗಿಸಲು ಹಗ್ಗ. ನಮ್ಮ ಬೀದಿಗೂ ನಿಯಮಗಳಿದ್ದವು: ಹಲಗೆ ಮೂರಡಿ ಮೀರಬಾರದು, ಭಾರ ಕಟ್ಟಬಾರದು, ಸ್ವಂತ ಕೈಯಿಂದ ಮಾಡಿರಬೇಕು. ಇಳಿಜಾರಿನಲ್ಲಿ ಪ್ರತಿ ಸಲವೂ ಗೆಲ್ಲುತ್ತಿದ್ದವನು ಒಬ್ಬ ಗೆಳೆಯ. ಮೂರು ಸಂಜೆ ಕುಳಿತು ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ತಾಳ್ಮೆ ಅವನದು. ಒಂದು ಸಲ ನಾನು ಹಲಗೆಯ ಅಡಿಗೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು, ಮೇಲೆ ಗೋಣಿ ಬಡಿದೆ. ಗೆದ್ದೆ.

ಸಂಜೆ ತಂದೆ ಗಾಡಿಯನ್ನು ಬದಿಗಿಡಲು ಎತ್ತಿದರು. ಎತ್ತಿದ ಕೈಗೆ ಎಲ್ಲ ತಿಳಿಯಿತು.

“ಗೆದ್ದಿದ್ದು ಯಾರೋ?”

“ನಾನೇ, ಅಪ್ಪ.”

“ನೀನೋ, ಈ ಕಬ್ಬಿಣವೋ?”

ಇಷ್ಟೇ ಆಗಿದ್ದರೆ ಇದು ನನ್ನೊಬ್ಬನ ನಾಚಿಕೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಮರುದಿನ ಆ ಗೆಳೆಯ ಬಂದು, “ಏನು ಮಾಡಿದೆಯೋ, ಹೇಳಿಕೊಡು” ಎಂದು ಕೇಳಿದ. “ಎಣ್ಣೆ ಬದಲಾಯಿಸಿದೆ” ಎಂದೆ. ಅವನು ನಂಬಿದ. ಬಗೆಬಗೆಯ ಎಣ್ಣೆ ಹಾಕಿ ನೋಡಿದ; ಚೆನ್ನಾಗಿದ್ದ ಬೇರಿಂಗುಗಳನ್ನು ಬಿಚ್ಚಿದ, ಕಟ್ಟಿದ. ತನ್ನ ಕೈಯಲ್ಲಿ ದೋಷವಿದೆ ಎಂದು ತೀರ್ಮಾನಿಸಿ, ಕೊನೆಗೆ ಗಾಡಿ ಕಟ್ಟುವುದನ್ನೇ ಬಿಟ್ಟ.

ಆ ದಿನ ನಾನು ಅವನಿಂದ ಕಸಿದದ್ದು ಒಂದು ಗೆಲುವನ್ನಲ್ಲ. ಗೆಲುವು ಮರುವಾರ ಮತ್ತೆ ಬರುತ್ತಿತ್ತು. ತನ್ನ ಕೆಲಸ ಎಂಥದೆಂದು ಅವನು ತಿಳಿಯಬೇಕಾಗಿದ್ದ ಸತ್ಯವನ್ನೇ ಕಸಿದೆ. ಅಳತೆ ಒಂದೇ ಆಗಿದ್ದರೆ ಸೋತವನು ತಾನೇಕೆ ಸೋತೆನೆಂದು ಹುಡುಕಿ, ತಿದ್ದಿಕೊಳ್ಳಬಲ್ಲ. ಸೋಲೂ ಅವನಿಗೆ ಗುರುವಾಗುತ್ತದೆ. ಅಳತೆಯನ್ನು ಗುಟ್ಟಾಗಿ ಮೀರಿದವನು ಆ ಗುರುವಿನ ಬಾಯಲ್ಲಿ ಸುಳ್ಳಾಡಿಸುತ್ತಾನೆ.

ನಿಯಮಗಳೆಲ್ಲ ಪವಿತ್ರವೆಂದು ನನ್ನ ವಾದವಲ್ಲ. ಮೂರಡಿ ಸಾಲದೆಂದರೆ ನಾಲ್ಕಡಿ ಮಾಡೋಣವೆಂದು ಬೀದಿಯಲ್ಲಿ ನಿಂತು ಜಗಳವಾಡಬಹುದು. ಅರವತ್ತೊಂದು ಚದರಡಿಯ ಹಾಯಿ ಕಟ್ಟಿ, ಪಂದ್ಯದ ಹೊರಗೆ ಒಬ್ಬನೇ ತೇಲಿ ಹೋಗಲೂಬಹುದು, ಅದರಲ್ಲಿ ಪಾಪವಿಲ್ಲ. ಒಪ್ಪಿ ಒಳಗೆ ಬಂದು, ಗೋಣಿಯ ಕೆಳಗೆ ಬೇರೆಯದನ್ನು ಇಟ್ಟುಕೊಳ್ಳುವುದಷ್ಟೇ ತಪ್ಪು.

ರಾತ್ರಿ ಮೊಮ್ಮಗನನ್ನು ಕರೆದು ಇದೆಲ್ಲವನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ, “ಆ ಕಬ್ಬಿಣದ ವಿಷಯ ಅವರಿಗೆ ಹೇಳಿದಿರಾ, ಅಜ್ಜ?” ಎಂದ.

ಹೇಳಿರಲಿಲ್ಲ. ಹೇಳೋಣವೆಂದರೆ ಈಗ ಆ ಗೆಳೆಯನಿಲ್ಲ.