ಎರಡು ಪತ್ರಗಳು ಕೈಯಲ್ಲಿರುವಾಗ

ಬುರುಜನ್ನು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚಿನ ಲೆಕ್ಕವನ್ನು ನೋಡುವನೆಂದು ಕರ್ತನು ಹೇಳಿದ ಸಾಮ್ಯವನ್ನು ಲೂಕನ ಸುವಾರ್ತೆಯ ೧೪ನೇ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಹಳ್ಳಿಗಳ ಮಕ್ಕಳು ಸಾಫ್ಟ್‌ವೇರ್ ಇಂಜಿನಿಯರಿಂಗ್ ಕಲಿತು ಹೊರಬರುವ ಈ ಕಾಲದಲ್ಲಿ ಆ ಮಾತು ಅನೇಕ ಮನೆಗಳಿಗೆ ತಾಕುವಂಥದು. ಮಗನಿಗಾಗಲಿ ಮಗಳಿಗಾಗಲಿ ಎರಡು ಕಂಪೆನಿಗಳಿಂದ ಕೆಲಸದ ಪತ್ರಗಳು ಬಂದರೆ, ಯಾವದರಲ್ಲಿ ಹೆಚ್ಚು ಎಂದು ತಂದೆತಾಯಿಗಳು ಕೇಳುತ್ತಾರೆ. ವಿದ್ಯಾಸಾಲವನ್ನು ಹೊತ್ತವರು ಹಾಗೆ ಕೇಳುವದು ತಪ್ಪಲ್ಲ; ಓದು ಮುಗಿದು ಒಂದು ವರುಷವಾಗುವಷ್ಟರಲ್ಲಿ ಸಾಮಾನ್ಯವಾಗಿ ಕಂತು ಬಂದು ನಿಲ್ಲುವದು. ಆದರೆ ಹೆಚ್ಚೆಂಬದು ಯಾವದು?

ಪತ್ರದ ಮೇಲಿನ ಸಿ.ಟಿ.ಸಿ. ಎಂಬ ಮೊತ್ತವು ಕೈಗೆ ಬರುವ ಸಂಬಳವಲ್ಲ. ಅದು ನೌಕರನಿಗೋಸ್ಕರ ಕಂಪೆನಿಯು ವರುಷಕ್ಕೆ ಮಾಡುವ ಒಟ್ಟು ವೆಚ್ಚ. ಬೆಂಗಳೂರಿನ ಪತ್ರದಲ್ಲಿ ೬ ಲಕ್ಷ, ಹುಬ್ಬಳ್ಳಿಯ ಪತ್ರದಲ್ಲಿ ೪,೮೦,೦೦೦ ಎಂದಿರಲಿ. ಎರಡರಲ್ಲಿಯೂ ಅರ್ಧ ಮೂಲವೇತನವೆನ್ನೋಣ. ಮೊದಲನೆಯದರಲ್ಲಿ ಭವಿಷ್ಯನಿಧಿಗೆ ಕಂಪೆನಿಯ ಪಾಲು ನೂರಕ್ಕೆ ೧೨ರಂತೆ ೩೬,೦೦೦, ನೌಕರನ ಪಾಲು ಮತ್ತೆ ೩೬,೦೦೦, ಗ್ರಾಚ್ಯುಟಿಗೆಂದು ಸುಮಾರು ೧೪,೪೦೦ ಕಳೆಯಬೇಕು. ಕಂಪೆನಿಗೆ ಲಾಭವಾದರೆ ಕೊಡುವೆವೆಂಬ ೬೦,೦೦೦ವೂ ಅದರೊಳಗಿದ್ದರೆ, ತಿಂಗಳಿಗೆ ಕೈಗೆ ಬರುವದು ೩೮,೦೦೦ಕ್ಕೆ ಒಳಗೆ. ಅಂಥ ಷರತ್ತಿಲ್ಲದ ಎರಡನೆಯದರಲ್ಲಿ ಸುಮಾರು ೩೪,೦೦೦ ಬರುವದು. ತಿಂಗಳಿಗೆ ಹತ್ತು ಸಾವಿರವೆಂದು ಕಂಡ ಅಂತರವು ನಾಲ್ಕು ಸಾವಿರಕ್ಕೂ ಕೆಳಗೆ ಇಳಿಯಿತು. ಭವಿಷ್ಯನಿಧಿಯೇನೋ ಅವನ ಹೆಸರಿನಲ್ಲಿಯೇ ಉಳಿಯುವದು, ನಿಜ. ಆದರೆ ಬೆಂಗಳೂರಿನ ಬಾಡಿಗೆಯನ್ನು ಅದರಿಂದ ಕೊಡಲಾಗದು.

ಲೋಟನು ಕಣ್ಣೆತ್ತಿ ನೋಡಿದಾಗ ಯೊರ್ದನಿನ ಬಯಲಿನಲ್ಲಿ ನೀರು ತುಂಬಿತ್ತು. ಹಿಂಡುಗಳುಳ್ಳವನು ನೀರನ್ನು ಬಯಸಿದ್ದು ಪಾಪವೆಂದು ನಾವು ಹೇಳುವದಿಲ್ಲ. ಆ ಊರುಗಳಲ್ಲಿ ಎಂಥವರಿದ್ದಾರೆ, ಅಲ್ಲಿ ತನ್ನ ಮನೆಯವರ ಗತಿಯೇನಾದೀತು ಎಂದು ಅವನು ವಿಚಾರಿಸಿದಂತೆ ಮಾತ್ರ ಕಾಣುವದಿಲ್ಲ. ಕೆಲಸಕ್ಕೆ ಹೋಗುವವನು ವಿಚಾರಿಸಲಿ: ತನ್ನನ್ನು ಯಾವ ಕೆಲಸಕ್ಕೆ ಹಚ್ಚುವರು? ತಾನು ಬರೆದ ಕೋಡನ್ನು ಓದಿ ತಿದ್ದುವ ಹಿರಿಯರಿದ್ದಾರೋ? ಮೊದಲಿನ ಎರಡು ವರುಷ ತಿದ್ದುವವರಿಲ್ಲದೆ ಕಳೆದವನು, ಕಮ್ಮಾರನ ಕುಲುಮೆಯಲ್ಲಿ ತಿದಿಯನ್ನು ಮಾತ್ರ ಒತ್ತಿ ಸುತ್ತಿಗೆ ಹಿಡಿಯದೆ ಬಂದ ಹುಡುಗನಂತಾಗುವನು. ತರಬೇತಿಯ ಪರೀಕ್ಷೆಯಲ್ಲಿ ತಪ್ಪಿದರೆ ಏನೆಂಬದನ್ನೂ ಕೇಳಲಿ. ೨೦೨೫ರ ಫೆಬ್ರವರಿಯಲ್ಲಿ ಮೈಸೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹೊಸಬರು ಹೀಗೆಯೇ ಮನೆಗೆ ಹಿಂದಿರುಗಿದರು.

ಬಾಂಡೆಂಬ ಕರಾರನ್ನು ಓದದೆ ರುಜು ಹಾಕಬಾರದು. ಅದೆಲ್ಲ ಬರೀ ಹೆದರಿಕೆ, ಕೋರ್ಟಿನಲ್ಲಿ ನಿಲ್ಲದು ಎಂದು ಗೆಳೆಯರು ಹೇಳುವದುಂಟು. ಮೂರು ವರುಷ ತುಂಬುವ ಮೊದಲು ಬಿಟ್ಟರೆ ೨ ಲಕ್ಷ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಕರಾರನ್ನು ಸುಪ್ರೀಂ ಕೋರ್ಟು ೨೦೨೫ರ ಮೇ ೧೪ರಂದು ಎತ್ತಿಹಿಡಿಯಿತು. ಅದು ಸರಕಾರಿ ಬ್ಯಾಂಕಿನ ಮಾತು. ಎಲ್ಲಾ ಕರಾರುಗಳೂ ಹಾಗೆಯೇ ನಿಲ್ಲುವವೆಂದಲ್ಲ. ಆದರೂ ಮುರಿಯುವ ಮನಸ್ಸಿನಿಂದ ರುಜು ಹಾಕುವವನು ಕೋರ್ಟಿಗೆ ಮೊದಲೇ ದೇವರ ಮುಂದೆ ನಿಂತಿದ್ದಾನಲ್ಲವೇ?

ಇದಕ್ಕಿಂತಲೂ ನಮ್ಮನ್ನು ನೋಯಿಸುವ ಒಂದು ರೂಢಿಯುಂಟು. ಎರಡೂ ಕಂಪೆನಿಗಳಿಗೆ ಬರುತ್ತೇನೆಂದು ಬರೆದು, ಸೇರುವ ದಿನ ಒಂದು ಕಡೆಗೆ ಹೋಗಿ, ಮತ್ತೊಂದಕ್ಕೆ ಸುದ್ದಿಯನ್ನೂ ಕೊಡದೆ ಫೋನನ್ನು ಎತ್ತದಿರುವದು! ಕಂಪೆನಿಗಳೂ ಪತ್ರ ಕೊಟ್ಟು ತಿಂಗಳುಗಟ್ಟಲೆ ಕಾಯಿಸುತ್ತವಲ್ಲಾ ಎಂದು ಕೇಳುವಿರಿ. ಕಾಯಿಸುವದುಂಟು, ಅದು ಅನ್ಯಾಯವೇ. ಆದರೆ ನಮ್ಮ ಹೌದೆಂಬದರ ಬೆಲೆಯನ್ನು ಅವರು ಗೊತ್ತುಮಾಡುವರೋ? ಬಿಡದೆ ಹಿಡಿದ ಆ ಸ್ಥಾನಕ್ಕೆ ಇನ್ನೊಂದು ಹಳ್ಳಿಯ ಹುಡುಗಿಯೊಬ್ಬಳು ಕಾದಿರಬಹುದು. ಅವಳ ಮನೆಯಲ್ಲಿಯೂ ಕಂತುಂಟು.

ಆದಕಾರಣ ಯೋಚಿಸುವದಕ್ಕೆ ಸಮಯ ಬೇಕಾದರೆ ಒಂದು ವಾರದ ಗಡುವನ್ನು ಬಾಯಿಬಿಟ್ಟು ಕೇಳಿರಿ; ಕೇಳಿದರೆ ಕೊಡುವವರುಂಟು. ಗೊತ್ತುಮಾಡಿದ ದಿನದಲ್ಲಿಯೇ ಮತ್ತೊಬ್ಬರಿಗೆ ಬರೆಯಿರಿ: ನಿಮ್ಮ ಪತ್ರಕ್ಕಾಗಿ ಉಪಕಾರ, ನಾನು ಬೇರೆ ಕಡೆಗೆ ಒಪ್ಪಿಕೊಂಡಿದ್ದೇನೆ, ನನ್ನ ಸ್ಥಾನವನ್ನು ಬೇರೊಬ್ಬರಿಗೆ ಕೊಡಬಹುದು. ಮೂರು ಸಾಲು ಸಾಕು. ಕಾರಣವನ್ನು ವಿವರಿಸುವದು ಅಗತ್ಯವಿಲ್ಲ.