ಕಂಡ ಕಾರಣ, ಆಳುವವರ ಹೊಣೆ

ಪ್ರಕೃತಿ ವಿಕೋಪದಿಂದ ಬರುವ ಕಷ್ಟ ವಿಧಿಲಿಖಿತವೋ ಮನುಷ್ಯನ ಕೃತ್ಯದ ಫಲವೋ ಎಂಬ ಪ್ರಶ್ನೆಯನ್ನು ಭಾರತೀಯ ಚಿಂತನೆ ದೈವ ಮತ್ತು ಪುರುಷಕಾರ ಎಂಬ ಎರಡು ಪರಿಕಲ್ಪನೆಗಳ ಮೂಲಕ ಬಹುಕಾಲದಿಂದ ಚರ್ಚಿಸಿದೆ. ದೈವವೆಂದರೆ ಮನುಷ್ಯನ ಅಂಕೆಗೆ ಸಿಗದ ಶಕ್ತಿ, ಪುರುಷಕಾರವೆಂದರೆ ಅವನ ಬುದ್ಧಿಪೂರ್ವಕವಾದ ಪ್ರಯತ್ನ. ಈ ಪ್ರಶ್ನೆಯನ್ನು ರಾಜ್ಯಾಡಳಿತದ ನೆಲೆಯಿಂದ ನೋಡಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಮರೆಯಾಗಿದ್ದ ಅದರ ತಾಳೆಗರಿ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಕಾರಣ ಕಾಣದೆ ನಡೆಯುವುದನ್ನು ಕೌಟಿಲ್ಯ ದೈವಕ್ಕೆ ಸೇರಿಸುತ್ತಾನೆ, ಕಾರಣ ಕಂಡದ್ದನ್ನು ಮಾನುಷಕ್ಕೆ ಸೇರಿಸುತ್ತಾನೆ; ಮಾನುಷದಲ್ಲಿ ಮತ್ತೆ ಪ್ರಜೆಗಳ ಯೋಗಕ್ಷೇಮವನ್ನು ಸಾಧಿಸುವ ನೀತಿಯನ್ನು ನಯವೆಂದೂ ಅದನ್ನು ಕೆಡಿಸುವ ನಡೆಯನ್ನು ಅಪನಯವೆಂದೂ ವಿಂಗಡಿಸುತ್ತಾನೆ. ಈ ವಿಂಗಡಣೆಯನ್ನು ಒಪ್ಪಿದರೆ ದೈವದ ಗಡಿ ಸ್ಥಿರವಲ್ಲವೆಂದೂ, ತಿಳಿವಳಿಕೆ ಬೆಳೆದಂತೆ ಆ ಗಡಿ ಹಿಂದೆ ಸರಿದು ಆಳುವವರ ಹೊಣೆ ಹಿಗ್ಗುತ್ತದೆಯೆಂದೂ ಒಪ್ಪಬೇಕಾಗುತ್ತದೆ.

ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೆರೆ, ರೋಗ, ಬರ ಮೊದಲಾದ ಎಂಟು ದೈವೀ ಮಹಾಭಯಗಳ ಪಟ್ಟಿಯಿದೆ. ನೆರೆಯನ್ನು ದೈವೀ ಭಯವೆಂದು ಕರೆದ ಬಳಿಕವೂ ಕೌಟಿಲ್ಯ ಕೈಕಟ್ಟಿ ಕೂರುವುದಿಲ್ಲ: ಮಳೆಗಾಲದಲ್ಲಿ ನದೀತೀರದ ಗ್ರಾಮಸ್ಥರು ದಡದಿಂದ ದೂರ ನೆಲೆಸಬೇಕು, ಹಲಗೆ, ಬಿದಿರು, ದೋಣಿಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು, ಕೊಚ್ಚಿಹೋಗುತ್ತಿರುವವರನ್ನು ಕಾಪಾಡಲು ಮುಂದಾಗದವನಿಗೆ 12 ಪಣ ದಂಡ ವಿಧಿಸಬೇಕು ಎಂದು ಆತ ವಿಧಿಸುತ್ತಾನೆ. ಪರ್ವದ ದಿನಗಳಲ್ಲಿ ನದಿಯನ್ನು ಪೂಜಿಸಬೇಕೆಂಬ ಮಾತೂ ಅದೇ ಅಧ್ಯಾಯದಲ್ಲಿ ಬರುತ್ತದೆ; ಅಲ್ಲಿ ಪೂಜೆ ಸಿದ್ಧತೆಯ ಸ್ಥಾನವನ್ನು ಕಸಿಯುವುದಿಲ್ಲ, ಸಿದ್ಧತೆಯೂ ಪೂಜೆಯನ್ನು ಅಲ್ಲಗಳೆಯುವುದಿಲ್ಲ.

ಆನೇಕಲ್ ತಾಲ್ಲೂಕಿನಲ್ಲಿ ಹೊಸೂರು ರಸ್ತೆಗೆ ಹೊಂದಿಕೊಂಡಿರುವ ಬೊಮ್ಮಸಂದ್ರದ ನೆಲದಲ್ಲಿ ಈ ವಿವೇಕ ಕೆರೆಗಳ ರೂಪ ತಾಳಿತ್ತು. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಮುತ್ತಾನಲ್ಲೂರುಗಳ ಕೆರೆಗಳಿರುವ ಈ ಸೀಮೆಯ ಮಳೆನೀರು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಏರಿ ನೀರನ್ನು ತಡೆದು ನಿಲ್ಲಿಸಿದರೆ, ತೂಬು ಅದನ್ನು ಗದ್ದೆಗೆ ಬಿಡುತ್ತದೆ. ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ, ಏರಿ ಒಡೆಯದಂತೆ ಕಾಯುತ್ತದೆ. ಅತಿವೃಷ್ಟಿ ಬಂದೇ ಬರುತ್ತದೆಂದು ಮೊದಲೇ ಎಣಿಸಿ ಅದಕ್ಕೆ ದಾರಿ ಬಿಟ್ಟುಕೊಟ್ಟ ಯೋಜನೆಯಿದು. ಕೆರೆ ಕೋಡಿ ಬಿದ್ದಾಗ ಗಂಗಮ್ಮನಿಗೆ ಬಾಗಿನ ಅರ್ಪಿಸುವ ಜನರೇ ಕಾಲುವೆಯ ಹೂಳನ್ನೂ ತೆಗೆಯುತ್ತಿದ್ದರು, ನೀರು ಬಿಡುವ ಕೆಲಸಕ್ಕೆ ನೀರುಗಂಟಿಯನ್ನೂ ನೇಮಿಸುತ್ತಿದ್ದರು.

ಕೈಗಾರಿಕಾ ಪ್ರದೇಶವಾಗಿ ಬೆಳೆದ ಮೇಲೆ ಈ ನೆಲದ ಅಪಾಯವೂ ಬದಲಾಯಿತು. ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿರುವಲ್ಲಿ ತಗ್ಗಿಗೆ ನುಗ್ಗುವ ನೀರು ಕೇವಲ ಮಳೆನೀರಾಗಿ ಉಳಿಯುವುದಿಲ್ಲ. ಚಂದಾಪುರ ಕೆರೆಯನ್ನು ಮಾಲಿನ್ಯದಿಂದ ಕಾಪಾಡದ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರದ ಮೇಲೆ 500 ಕೋಟಿ ರೂಪಾಯಿಗಳ ಪರಿಹಾರದ ಹೊಣೆ ಹೊರಿಸಿತು. ಕಾರಣಗಳು ಇಂದು ಹಿಂದೆಂದಿಗಿಂತ ನಿಚ್ಚಳವಾಗಿ ಕಾಣುತ್ತಿವೆ. ಗ್ರಾಮ ನಕ್ಷೆಗಳು ರಾಜಕಾಲುವೆಗಳ, ಅಂದರೆ ಕೆರೆಯಿಂದ ಕೆರೆಗೆ ನೀರೊಯ್ಯುವ ಮುಖ್ಯ ಕಾಲುವೆಗಳ, ಜಾಡನ್ನು ತೋರಿಸುತ್ತವೆ. 1988ರಲ್ಲಿ ಬರ ಪರಿವೀಕ್ಷಣೆಯ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತಿನ ಕಾರಣಗಳಲ್ಲಿ ಪ್ರಕೃತಿಯೊಂದಿಗೆ ನಿರ್ಲಕ್ಷ್ಯವನ್ನೂ ಎಣಿಸುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಜಿಲ್ಲೆಯ ದುರ್ಬಲ ಸ್ಥಳಗಳನ್ನು ಗುರುತಿಸಿ ಯೋಜನೆ ರೂಪಿಸಬೇಕೆಂದೂ ಅದನ್ನು ಪ್ರತಿವರ್ಷ ಪರಿಷ್ಕರಿಸಬೇಕೆಂದೂ ವಿಧಿಸುತ್ತದೆ. ಕಾರಣ ಇಷ್ಟು ಗೋಚರವಾಗಿರುವಾಗ ಕಾಲುವೆ ಮುಚ್ಚಿದ ಜಾಗದಲ್ಲಿ ನೀರು ನಿಲ್ಲುವುದನ್ನು ದೈವವೆನ್ನಲು ಬರುವುದಿಲ್ಲ. ಕೌಟಿಲ್ಯನ ಪರಿಭಾಷೆಯಲ್ಲಿ ಅದು ಅಪನಯ.

ನೊಂದವರ ಪೂರ್ವಕರ್ಮವೇ ಅವರ ನೋವಿಗೆ ಕಾರಣವೆಂಬ ವಾದ ಇಲ್ಲಿ ಎದುರಾಗಬಹುದು. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಕಂಡಾಗ, ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸಿದ್ದ ರವೀಂದ್ರನಾಥ ಠಾಕೂರರು ಭೌತಿಕ ಘಟನೆಗೆ ನೈತಿಕ ತೀರ್ಪಿನ ಅರ್ಥ ಹಚ್ಚುವುದನ್ನು ಬಲವಾಗಿ ಆಕ್ಷೇಪಿಸಿದರು. ಬೊಮ್ಮಸಂದ್ರದಂಥ ಊರಿನಲ್ಲಿ ಆ ಆಕ್ಷೇಪ ಇನ್ನಷ್ಟು ತೂಕ ಪಡೆಯುತ್ತದೆ: ಮೇಲ್ಭಾಗದಲ್ಲಿ ಕಾಲುವೆಯನ್ನು ಒತ್ತುವರಿ ಮಾಡಿದವನೊಬ್ಬ, ತಗ್ಗಿನ ಬಾಡಿಗೆ ಕೋಣೆಯಲ್ಲಿ ನೀರಿಗೆ ಸಿಲುಕುವ ಗುತ್ತಿಗೆ ಕಾರ್ಮಿಕ ಮತ್ತೊಬ್ಬ. ಮಾಡಿದವನೇ ಉಣ್ಣಬೇಕೆಂಬ ನ್ಯಾಯ ಇಲ್ಲಿ ತಾನಾಗಿ ಈಡೇರುವುದಿಲ್ಲವಾದ್ದರಿಂದ, ಒಬ್ಬನ ಕೃತ್ಯದ ಫಲ ಇನ್ನೊಬ್ಬನ ತಲೆಗೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಸಂಸ್ಥೆಯೊಂದು ಬೇಕಾಗುತ್ತದೆ, ರಾಜ್ಯವೆಂಬುದು ಇರುವುದೇ ಅದಕ್ಕಾಗಿ.

ಹೀಗಾಗಿ ವಿಪತ್ತು ಬಂದ ಮೇಲೆ ಪರಿಹಾರ ಹಂಚುವುದು ಕರುಣೆಯ ಕಾರ್ಯವಾದರೆ, ಬರುವ ಮೊದಲು ಹಾನಿ ತಗ್ಗಿಸುವುದು ನ್ಯಾಯದ ಕಾರ್ಯವೆನಿಸುತ್ತದೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 20ರಷ್ಟನ್ನು ಮುಂಚಿತವಾಗಿ ಹಾನಿ ತಗ್ಗಿಸುವ ಕೆಲಸಗಳಿಗೇ ಮೀಸಲಿಟ್ಟದ್ದು ಈ ತತ್ತ್ವಕ್ಕೆ ಸಿಕ್ಕ ಮನ್ನಣೆ. ಎಲ್ಲ ಎಚ್ಚರದ ನಂತರವೂ ಲೆಕ್ಕಕ್ಕೆ ಸಿಗದ ಮಳೆ ಸುರಿಯಬಹುದು. ಪ್ರಾರ್ಥನೆಗೆ ಅಲ್ಲಿ ಸ್ಥಾನವಿದೆ. ಆದರೆ ಗೊತ್ತಿರುವ ಕಾಲುವೆಯನ್ನು ತೆರವುಗೊಳಿಸಿ, ತಗ್ಗು ಪ್ರದೇಶದ ನಿವಾಸಿಗಳಿಗೆ ಅವರಾಡುವ ಭಾಷೆಯಲ್ಲೇ ಮುನ್ನೆಚ್ಚರಿಕೆ ತಲುಪಿಸಿದ ಆಡಳಿತಕ್ಕೆ ಮಾತ್ರ ಉಳಿದದ್ದನ್ನು ದೈವವೆಂದು ಕರೆಯುವ ಅಧಿಕಾರವಿರುತ್ತದೆ.